ವಾಪಸು ಬಂದ ಕಾಲುಚೈನು

ಆ ದಂಪತಿಯ ಮಗಳನ್ನು ಕೊಂದನೆಂದು ಶಿಕ್ಷೆಯಾಗಿದ್ದವನು ಜೈಲಲ್ಲೇ ಸತ್ತ. ಅವನ ಮನೆಯಲ್ಲಿ ಸಿಕ್ಕಿದ್ದ ಮಗಳ ಕಾಲುಚೈನನ್ನು ವಾಪಸು ಪಡೆಯಲು ಗಂಡ ಹೆಂಡತಿ ಕೋರ್ಟಿಗೆ ಬಂದಿದ್ದರು. ಪೊಲೀಸರಿಗೆ ಸಿಕ್ಕ ಮೇಲೆ ಹೆಂಡತಿ ಅದನ್ನು ನೋಡುತ್ತಿದ್ದುದು ಇದೇ ಮೊದಲು.

ಗುಮಾಸ್ತ ಅರಗಿನ ಮುದ್ರೆ ಒಡೆದು ಚೀಲ ಕೊಡವಿದ. ಚೈನು ಘಲ್ಲೆಂದು ಮೇಜಿನ ಮೇಲೆ ಬಿತ್ತು.

ಹೆಂಡತಿ ಬೆಚ್ಚಿದಳು. "ರೀ, ಇದು ನಮ್ಮ ಪುಟ್ಟಿದಲ್ಲ. ಸದ್ದಾದ್ರೆ ಟೀಚರ್ ಬೈತಾರೆ ಅಂತ ಗೆಜ್ಜೆನೆಲ್ಲ ನಾನೇ ಕಿತ್ತಿದ್ದೆ."

"ಒಂಬತ್ತು ವರ್ಷದ ಹಿಂದೆ ನಿಮ್ಮ ಯಜಮಾನ್ರೇ ಇದನ್ನ ಗುರುತು ಹಿಡಿದಿದ್ದಾರಮ್ಮ. ಸಹಿ ಹಾಕಿ," ಎಂದು ಗುಮಾಸ್ತ ಗೊಣಗಿ ಒಳಗೆ ಹೋದ.

"ನೀವಾದ್ರೂ ಸರಿಯಾಗಿ ನೋಡ್ರೀ. ಇದನ್ನ ನಂಬಿ ತಾನೆ ಅವನಿಗೆ ಶಿಕ್ಷೆ ಕೊಟ್ಟಿದ್ದು?"

ಗಂಡ ಚೈನಿನ ಕಡೆ ನೋಡಲೇ ಇಲ್ಲ. ಪೆನ್ನನ್ನು ಅವಳ ಕೈಗೆ ತುರುಕಿದ.

"ಮೆಲ್ಲಗೆ ಮಾತಾಡು. ಇದು ಪುಟ್ಟಿದಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು."