ಹದಿನಾಲ್ಕು ರೋಲರ್‌ಗಳು

ಹದಿಮೂರು ರೋಲರ್‌ಗಳು ಕೂದಲಿನಿಂದ ಸಲೀಸಾಗಿ ಬಂದವು. ಹದಿನಾಲ್ಕನೆಯದು ಬರಲಿಲ್ಲ.

“ಅಮ್ಮ, ಅಲುಗಾಡಬೇಡ ಮಾರಾಯ್ತಿ,” ಎಂದಳು ಮಗಳು ಯಶ್ಮಿತಾ.

“ನಾಲ್ಕು ಗಂಟೆಗೆ ಬರುತ್ತಾರೆ ಅವರು. ಈಗ ಎಷ್ಟಾಯಿತು?”

“ಮೂರು ಐವತ್ತು.”

ಮಗಳು ಇನ್ನೊಮ್ಮೆ ಎಳೆದಳು. ಕುಶಲಾಳ ಕಣ್ಣಲ್ಲಿ ನೀರು ಬಂತು, ರೋಲರ್ ಮಾತ್ರ ಬರಲಿಲ್ಲ.

ನಲವತ್ತನಾಲ್ಕು ವರ್ಷಗಳಿಂದ ಕುಶಲಾಳ ಕೂದಲು ಹಿಡಿಸೂಡಿಯ ಕಡ್ಡಿಯಂತೆ ನೆಟ್ಟಗಿತ್ತು. ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಒಂಬತ್ತು ವರ್ಷಗಳ ಹಿಂದೆ ತೀರಿಕೊಂಡ ಗಂಡ ಅದನ್ನು ಗಮನಿಸಿದ್ದೇ ಅನುಮಾನ. ಆದರೆ ಈ ಭಾನುವಾರದ ಮಾತೇ ಬೇರೆ. ಬೆಳಿಗ್ಗೆ ಅಭ್ಯಾಸಬಲದಿಂದ ತೆಂಗಿನೆಣ್ಣೆ ಹಚ್ಚಿಕೊಂಡು, ಆಮೇಲೆ ನೆನಪಾಗಿ ಮೂರು ಸಲ ತೊಳೆದು, ಕೂದಲು ಗುಂಗುರು ಮಾಡುವ ವಿಡಿಯೊವನ್ನು ಫೋನಿನಲ್ಲಿ ನೋಡುತ್ತ ಮಗಳ ಮುಂದೆ ತಲೆ ಬಗ್ಗಿಸಿ ಕುಳಿತಿದ್ದಳು. ವಿಡಿಯೊದ ಹುಡುಗಿಗೆ ಇಪ್ಪತ್ತು ನಿಮಿಷ ಸಾಕಾಗಿತ್ತು. ಕುಶಲಾಳಿಗೆ ನಾಲ್ಕು ಗಂಟೆ ಹಿಡಿಯಿತು.

ಎಲ್ಲಕ್ಕೂ ಕಾರಣ ಯಶ್ವಂತ್.

ಕಾಪು ಪೇಟೆಯಲ್ಲಿ ಕುಶಲಾಳದ್ದೊಂದು ಜೆರಾಕ್ಸ್ ಅಂಗಡಿ. ಎರಡು ತಿಂಗಳ ಹಿಂದೆ ಯಶ್ವಂತ್ ಹಳದಿಗಟ್ಟಿದ ಒಂದಿಷ್ಟು ಕಾಗದಗಳನ್ನು ಹಿಡಿದುಕೊಂಡು ಕಾರ್ಕಳದಿಂದ ಬಂದ. ಮರುವಾರ ಮತ್ತೆ ಬಂದ. ಆಮೇಲೆ ವಾರಕ್ಕೆರಡು ಸಲ. ಕಾರ್ಕಳದಲ್ಲಿ ಜೆರಾಕ್ಸ್ ಅಂಗಡಿಗಳಿಲ್ಲವೇ? ಕುಶಲಾ ಈ ಒಗಟನ್ನು ಯಾರ ನೆರವೂ ಇಲ್ಲದೆ ಬಿಡಿಸಿದಳು. ಉತ್ತರ ಸಿಕ್ಕಿದಾಗ ಒಬ್ಬಳೇ ಕೆಂಪಾದಳು.

“ಅವನ ಕಾಗದ ಮುಗಿಯುವುದಿಲ್ಲ ಕುಶಲಾ, ನಿನ್ನ ಟೋನರ್ ಮುಗಿಯುತ್ತದೆ ನೋಡು,” ಎಂದು ಪಕ್ಕದ ಟೈಲರ್ ಅಂಗಡಿಯ ಅಪೊಲೋನಿಯಾ ನಕ್ಕಿದ್ದಳು. ಅವನಿಗೆ ಮದುವೆಯಾಗಿಲ್ಲ ಎಂಬ ಸುದ್ದಿಯನ್ನು ಪತ್ತೆ ಮಾಡಿ ತಂದವಳೂ ಅವಳೇ. ವಯಸ್ಸಿನಲ್ಲಿ ಯಶ್ವಂತ್ ಮೂರು ವರ್ಷ ಚಿಕ್ಕವನು. ಅವನೇನೂ ಹೇಳುವ ಮೊದಲೇ ಕುಶಲಾ ಅದನ್ನು ಕ್ಷಮಿಸಿಬಿಟ್ಟಿದ್ದಳು.

ಎರಡು ತಿಂಗಳಲ್ಲಿ ಅವನು ಕೇಳಿದ ಸ್ವಂತದ ಪ್ರಶ್ನೆಗಳು ಮೂರೇ.

“ನಿಮ್ಮ ತಾಯಿ ಹೆಬ್ರಿ ಕಡೆಯವರು, ಅಲ್ವಾ?” ಎಂದಿದ್ದ ಒಮ್ಮೆ. ಎಲ್ಲ ವಿಚಾರಿಸಿಯೇ ಬಂದಿದ್ದಾನೆ ಎಂದುಕೊಂಡಳು.

“ಮಗಳು ಉಂಟಾ ನಿಮಗೆ?” ಹೌದೆಂದಾಗ ಅವನ ಮುಖ ಅರಳಿತು. ವಿಧವೆಯ ಮಗಳೆಂದರೆ ಮುಖ ಸಣ್ಣ ಮಾಡದ ಗಂಡಸನ್ನು ಅವಳು ಕಂಡದ್ದು ಅದೇ ಮೊದಲು.

ಮೂರನೆಯದು ಕಳೆದ ಬುಧವಾರ. ಸುತ್ತಲೂ ನೋಡಿ ದನಿ ತಗ್ಗಿಸಿದ. “ತಪ್ಪು ತಿಳಿಯಬಾರದು. ನಿಮ್ಮದು ಯಾವ ಬರಿ?”

ಕುಶಲಾ ಯಂತ್ರಕ್ಕೆ ಕಾಗದವನ್ನು ಓರೆಯಾಗಿ ತುರುಕಿದಳು. ಬರಿ ಎಂದರೆ ತುಳುವರಲ್ಲಿ ತಾಯಿಯಿಂದ ಮಕ್ಕಳಿಗೆ ಬರುವ ವಂಶದ ಹೆಸರು. ಒಂದೇ ಬರಿಯವರೊಳಗೆ ಮದುವೆ ಇಲ್ಲ. ಆದ್ದರಿಂದ ಸಂಬಂಧದ ಮಾತು ಶುರುವಾಗುವುದೇ ಈ ಪ್ರಶ್ನೆಯಿಂದ. ಅವಳು ಮೆಲ್ಲಗೆ ಹೇಳಿದಳು. ಅವನು ಕಣ್ಣು ಮುಚ್ಚಿ ಉಸಿರು ಬಿಟ್ಟ.

“ಅಬ್ಬ! ಇನ್ನು ಚಿಂತೆ ಇಲ್ಲ. ಆದಿತ್ಯವಾರ ನನ್ನ ಸೋದರಮಾವನನ್ನು ನಿಮ್ಮ ಮನೆಗೆ ಕರೆದುಕೊಂಡು ಬರುತ್ತೇನೆ. ಈ ಮಾತು ಹಿರಿಯರೇ ಆಡಬೇಕು.”

ಅಂತೂ ಬರಿ ಅಡ್ಡ ಬರಲಿಲ್ಲ. ಮರುದಿನವೇ ಕುಶಲಾ ಉಡುಪಿಗೆ ಹೋಗಿ ರೋಲರ್ ಕೊಂಡು ತಂದಳು.

“ನಿನಗೆ ಬೇಸರ ಇಲ್ವಾ ಯಶು?” ಈಗ ಕೇಳಿದಳು, ಹತ್ತನೆಯ ಸಲ.

“ಬರುವ ವರ್ಷ ನಾನು ಹಾಸ್ಟೆಲಿಗೆ ಹೋದರೆ ನೀನು ಯಾರೊಟ್ಟಿಗೆ ಜಗಳ ಮಾಡುವುದು? ಈ ಮನೆಗೆ ಒಬ್ಬರು ಬೇಕು.”

ಒಬ್ಬಳಿಗೇ ಅನ್ನಕ್ಕಿಡುವುದು ಹೇಗೆ, ಎಷ್ಟು ಅಕ್ಕಿ ಹಾಕುವುದು ಎಂದು ತಾನು ಆಗಾಗ ಯೋಚಿಸುತ್ತಿದ್ದುದು ಮಗಳಿಗೆ ಗೊತ್ತಿದೆ ಎಂದು ಕುಶಲಾಳಿಗೆ ತಿಳಿದಿರಲಿಲ್ಲ.

ಗೇಟಿನ ಸದ್ದಾಯಿತು.

“ಇರಲಿ ಬಿಡು, ಹಿಂದೆ ಅಲ್ವಾ ಇರುವುದು,” ಎಂದಳು ಯಶ್ಮಿತಾ. “ನೀನು ಅವರಿಗೆ ಬೆನ್ನು ಹಾಕಬೇಡ, ಅಷ್ಟೇ.”

ಹಾಗಾಗಿ ಕುಶಲಾ ಬಂದವರಿಗೆ ಕೈಮುಗಿದು, ನೀರು ಕೊಟ್ಟು, ಖಾಲಿ ಲೋಟಗಳೊಂದಿಗೆ ಹಿಮ್ಮುಖವಾಗಿ ನಡೆದು ಅಡುಗೆಮನೆ ಸೇರಿದಳು. ದಾರಿಯಲ್ಲಿ ಒಂದು ಕುರ್ಚಿ ಉರುಳಿತು.

ಸೋದರಮಾವ ತಾರಾನಾಥರು ನಗಲಿಲ್ಲ. ಎಪ್ಪತ್ತು ದಾಟಿದ, ಬಿಳಿ ಪಂಚೆಯ ಹಿರಿಯರು. ಕಾಫಿ ತಂದಾಗ ಅವಳನ್ನು ನಿಲ್ಲಿಸಿ ಮುಖ ನೋಡಿದರು. ಆಮೇಲೆ ಕೂದಲು ನೋಡಿದರು. ಬಹಳ ಹೊತ್ತು ನೋಡಿದರು.

“ಕಾಗದ ನೋಡಿ ನಂಬುವವನಲ್ಲ ನಾನು, ಯಶ್ವಂತ. ಆದರೆ ಈ ಗುಂಗುರು ಕೂದಲು ನೋಡಿದ ಮೇಲೆ ಇನ್ನೆಂತ ಕೇಳಲಿಕ್ಕೆ ಉಂಟು? ಇವಳೇ.”

ಬಾಗಿಲ ಹಿಂದೆ ಯಶ್ಮಿತಾ ಬಾಯಿಗೆ ಕೈ ಅಡ್ಡ ಹಿಡಿದಳು.

“ನಮ್ಮ ಮನೆಗೆ ಬರಬೇಕು ಮಗಳೇ,” ಎಂದರು ತಾರಾನಾಥರು. “ಅಷ್ಟು ದೊಡ್ಡ ಮನೆಯಲ್ಲಿ ದೀಪ ಹಚ್ಚಲಿಕ್ಕೆ ಒಂದು ಹೆಣ್ಣಿಲ್ಲ. ನಿನ್ನ ಮಗಳನ್ನೂ ಕರೆದುಕೊಂಡು ಬಾ. ಅದು ಅವಳ ಮನೆಯೂ ಹೌದು.”

“ಆಗಲಿ,” ಎಂದಳು ಕುಶಲಾ. ಒಂದೆರಡು ಸಲವಾದರೂ ಬಿಂಕ ಮಾಡಬೇಕಿತ್ತು ಎಂದು ಆಮೇಲೆ ಹೊಳೆಯಿತು.

ಯಶ್ವಂತ್ ಎದ್ದ. ಹರಿವಾಣದಲ್ಲಿ ವೀಳ್ಯದೆಲೆ, ಅಡಿಕೆ, ಒಂದು ಚೆಂಡು ಶಂಕರಪುರ ಮಲ್ಲಿಗೆ. ಅವನ ಕಣ್ಣು ತುಂಬಿತ್ತು. ಅವಳ ಕಣ್ಣೂ ತುಂಬಿತು, ಈ ಸಲ ರೋಲರ್‌ನಿಂದಲ್ಲ. ಅವನು ಹರಿವಾಣವನ್ನು ಅವಳ ಕೈಗಿತ್ತ. ಅವಳು ನಾಚಿ ತಲೆ ತಗ್ಗಿಸಿದಳು. ಅವನು ಅದಕ್ಕಿಂತಲೂ ತಗ್ಗಿ ಅವಳ ಕಾಲು ಮುಟ್ಟಿದ.

“ನಮ್ಮ ಬರಿಯ ಹೆಂಗಸರದ್ದೆಲ್ಲ ಇದೇ ಗುಂಗುರು ಕೂದಲು,” ಎಂದ. “ಕುಟುಂಬದಲ್ಲಿ ಒಂದು ಹೆಣ್ಣು ಕುಡಿಯೂ ಉಳಿದಿಲ್ಲ ಎಂದುಕೊಂಡಿದ್ದೆವು, ಅಕ್ಕ.”