ಮಾದಮ್ಮನ ಚುಕ್ಕೆ

“ಚುಕ್ಕೆ ಬರೋಗಂಟ ನಾನು ಏಳಾಕಿಲ್ಲ,” ಎಂದು ಮಾಯಮ್ಮ ಕೆ.ಆರ್. ಪೇಟೆಯ ತೆಂಗಿನಕಾಯಿ ಮಂಡಿಯ ಗೇಟಿಗೆ ಅಡ್ಡಲಾಗಿ ಕೂತೇಬಿಟ್ಟಳು. ಟ್ರಾಕ್ಟರುಗಳು ಒಳಬರಲು ಇದ್ದದ್ದು ಅದೊಂದೇ ದಾರಿ.

ಸಿಂಧಘಟ್ಟದ ಮಾಯಮ್ಮನಿಗೆ ಅಪ್ಪನ ನೆನಪಿಲ್ಲ. ತಲೆಯ ಮೇಲೆ ಕಾಯಿ ಹೊತ್ತು ಮಾರಿ ಸಾಕಿದವಳು ಅವ್ವ ಮಾದಮ್ಮ. ಅದಕ್ಕೇ ಊರವರು ಏನೇ ಅಂದರೂ ಹೆಸರಿನ ಮುಂದೆ ಅವ್ವನ ಅಕ್ಷರವನ್ನೇ ಇಟ್ಟುಕೊಂಡಿದ್ದಳು: ಎಂ. ಮಾಯಮ್ಮ. ಮಂಡಿಗೆ ಕಂಪ್ಯೂಟರು ಬಂದ ಮೇಲೆ ಚುಕ್ಕೆ ಹಾರಿಹೋಗಿ ಅಕ್ಷರಗಳು ಅಂಟಿಕೊಂಡವು. ಹೋದ ಸಂತೆಯ ದಿನ ಅವಳ ಕಾಯಿಯ ಸರದಿ ಬಂದಾಗ ಹರಾಜಿನ ಮೈಕಿನಲ್ಲಿ ‘ಎಮ್ಮಾಯಮ್ಮ’ ಎಂದರು. ಹಿಂದಿನಿಂದ ಯಾರೋ ಎಮ್ಮೆಯಂತೆ ಕೂಗಿದ. ಮಂಡಿಗೆ ಮಂಡಿಯೇ ನಕ್ಕಿತು.

ಕಂಪ್ಯೂಟರಿನ ಕೆಲಸ ನೋಡುತ್ತಿದ್ದವಳು ಪೇಟೆಯ ಹುಡುಗಿ ಸುಮಯ್ಯ. ಈಗ ಗೇಟಿನ ಪಕ್ಕದ ತನ್ನ ಕೋಣೆಯಿಂದಲೇ, ತಲೆಯೆತ್ತದೆ, ಎಲ್ಲರಿಗೂ ಕೇಳುವಂತೆ ನಿಯಮ ಹೇಳಿದಳು. ಈ ಡೇಟಾಬೇಸಿನಲ್ಲಿ ರೈತರ ಹೆಸರೇ ಕೀ, ಬೀಗದ ಕೈ ಇದ್ದಂತೆ. ಅದನ್ನು ಹಿಡಿದೇ ಅವರ ವಿವರ ತೆರೆಯುವುದು. ಕೀಯ ನಡುವೆ ಚುಕ್ಕೆ ಬಂದರೆ ಒಳಗೆ ಇನ್ನೊಂದು ಕೋಣೆಯಿದೆ ಎಂದು ಅದು ತಪ್ಪು ತಿಳಿಯುತ್ತದೆ. ಹಾಗಾಗಿ ಚುಕ್ಕೆ ಇಡುವಂತಿಲ್ಲ, ಯಾರಿಗೂ.

“ಕೆ.ಆರ್. ಪ್ಯಾಟೆ ಬೋರ್ಡ್‌ನಾಗೆ ಎಲ್ಡು ಚುಕ್ಕೆ ಅವೆ,” ಎಂದಳು ಮಾಯಮ್ಮ. “ಊರ್ಗೆ ಎಲ್ಡು, ನಮ್ಮವ್ವಂಗೆ ಒಂದೂ ಇಲ್ವಾ?”

“ಹಠ ಮಾಡಬೇಡಿ ಅಜ್ಜಿ. ನೀವು ಏಳದಿದ್ರೆ ಯಜಮಾನ್ರನ್ನೇ ಕರೆಸಬೇಕಾಗುತ್ತೆ.”

“ಕರ್ಸು.”

ಟ್ರಾಕ್ಟರುಗಳ ಸಾಲು ಬಸ್‌ಸ್ಟ್ಯಾಂಡಿನವರೆಗೆ ಬೆಳೆಯಿತು. ಬೈಯಲೆಂದೇ ಟ್ರಾಕ್ಟರಿನಿಂದ ಇಳಿದು ಬಂದ ರೈತ ಮರಿಸ್ವಾಮಿ ವಿಷಯ ಕೇಳಿ ಹೆಗಲ ಟವೆಲು ತೆಗೆದ. ಅವನ ಅಪ್ಪನ ಅಕ್ಷರವೂ ಹಾಗೇ ಅಂಟಿಕೊಂಡಿತ್ತು. ಅದನ್ನೇ ಹಾಸಿ ಮಾಯಮ್ಮನ ಪಕ್ಕದಲ್ಲೇ ಕೂತ. ನೋಡನೋಡುತ್ತ ಇನ್ನೂ ಕೆಲವರು ಕೂತರು.

ಮಂಡಿಯ ಯಜಮಾನ ದೇವರಾಜು ಬೆವರುತ್ತ ಬಂದ. ಮೊದಲು ಗದರಿದ, ಆಮೇಲೆ ಎದ್ದೇಳಕ್ಕ ಎಂದು ಗೋಗರೆದ. ಮಾಯಮ್ಮ ಸೆರಗು ಬಿಗಿ ಮಾಡಿಕೊಂಡಳೇ ಹೊರತು ಅಲುಗಲಿಲ್ಲ. ಕೊನೆಗೆ ಅವನು ಸುಮಯ್ಯನ ಕಡೆ ತಿರುಗಿದ.

“ಅವತ್ತು ಏನೋ ದಾರಿ ಐತೆ ಅಂದಿದ್ದಲ್ಲಮ್ಮ?”

ಇದೆ ಎಂದಳು ಅವಳು. ಒಬ್ಬೊಬ್ಬರಿಗೂ ಒಂದು ಸಂಖ್ಯೆ ಕೊಟ್ಟು ಅದನ್ನೇ ಕೀ ಮಾಡಬೇಕು, ಹೆಸರನ್ನು ಒಳಗಿಡಬೇಕು. ಒಳಗಿಟ್ಟ ಹೆಸರಿನಲ್ಲಿ ಎಷ್ಟು ಚುಕ್ಕೆ ಇದ್ದರೂ ಅಡ್ಡಿಯಿಲ್ಲ. ಆದರೆ ಎಲ್ಲವನ್ನೂ ಹೊಸದಾಗಿ ಬರೆಯಬೇಕು, ಅಲ್ಲಿಯವರೆಗೆ ಹರಾಜು ನಿಲ್ಲಿಸಬೇಕು. “ಅವತ್ತು ಇದನ್ನೇ ಹೇಳಿದ್ರೆ, ‘ಒಬ್ರಾದ್ರೂ ಬಂದು ಕೇಳಿದ್ದಾರಾ?’ ಅಂದ್ರಿ ನೀವು.”

“ಈಗ ಕೇಳ್ತಾವ್ರಲ್ಲ. ಮಾಡು.”

ಮುಂದಿನ ಹರಾಜಿನಲ್ಲಿ ಮೈಕು ‘ಎಂ’ ಎಂದು, ಒಂದು ಉಸಿರು ಬಿಟ್ಟು, ‘ಮಾಯಮ್ಮ’ ಎಂದಿತು. ಯಾರೂ ನಗಲಿಲ್ಲ. ಮಾಯಮ್ಮ ಅವ್ವನನ್ನು ನೆನೆದು ಕಣ್ಣೊರೆಸಿಕೊಂಡಳು.

ಸಂಜೆ ಸಿಂಧಘಟ್ಟದ ಬಸ್ಸು ಹೊರಡುವ ಹೊತ್ತಿಗೆ ಸುಮಯ್ಯ ಓಡಿಬಂದು ಕಿಟಕಿಯ ಬಳಿ ನಿಂತಳು. ಮಾಯಮ್ಮ ಆಚೀಚೆ ನೋಡಿ, ಬಗ್ಗಿ, ಮೆಲ್ಲಗೆ ಕೇಳಿದಳು:

“ಅವತ್ತು ಗೇಟ್ ತಾವ ನೀನ್ ಹೇಳ್ಕೊಟ್ಟಂಗೇ ಕೂತಿದ್ನೇನವ್ವಾ?”