ನಿಂಬೆ ಶರಬತ್ತು

ಅಣೆಕಟ್ಟು ಕಟ್ಟಿದರೆ ಮೂವತ್ತು ಹಳ್ಳಿ ಮುಳುಗುತ್ತಿದ್ದವು. ಅದು ಬೇಡವೆಂದು ಚೆನ್ನವೀರ ಉಪವಾಸ ಕೂತು ಅವತ್ತಿಗೆ ಹದಿಮೂರು ದಿನ. ಕೂರಿಸಿದವರು ಹೋರಾಟದ ಮುಂದಾಳು, ಎಲ್ಲರೂ ಅಣ್ಣ ಎಂದು ಕರೆಯುವವರು. ಈ ಹಳ್ಳಿಗಳಿಗಾಗಿ ನೌಕರಿ ಬಿಟ್ಟವರು, ಎರಡು ಸಲ ಜೈಲಿಗೆ ಹೋಗಿ ಬಂದವರು. ಉಪವಾಸ ಕೂರಿಸಿದವರೇ ನಿಂಬೆ ಶರಬತ್ತು ಕುಡಿಸಿ ಏಳಿಸಬೇಕು, ಬೇರೆಯವರ ಕೈಯಿಂದ ಕುಡಿಯುವ ಹಾಗಿಲ್ಲ ಎಂಬುದು ಅವರೇ ಮಾಡಿದ ಕಟ್ಟಳೆ.

ಇನ್ನೊಂದು ದಿನ ಕಷ್ಟ ಎಂದು ಡಾಕ್ಟರು ಹೇಳಿ ಹೋಗಿದ್ದರು. ಚೆನ್ನವೀರನ ಹೆಂಡತಿ ಬೆಳಗಿನಿಂದ ಲೋಟ ಹಿಡಿದು ಡೇರೆಯ ಹೊರಗೆ ನಿಂತಿದ್ದಳು. ಒಳಗೆ ಅಣ್ಣ ಒಬ್ಬರೇ ಅವನ ಪಕ್ಕದಲ್ಲಿ ಕೂತಿದ್ದರು.

“ಸರ್ಕಾರದಿಂದ ಏನಾದ್ರೂ ಬಂತಾ ಅಣ್ಣಾ?” ಚೆನ್ನವೀರ ಕೇಳಿದ.

“ಇನ್ನೂ ಇಲ್ಲ ಕಣೋ.”

“ಮೊನ್ನೆ ಬಂದ ಪತ್ರ ನಿಮ್ಮ ಜೇಬಲ್ಲಿದೆ. ನಾನು ಮಲಗಿದ್ದೆ ಅಷ್ಟೇ, ನಿದ್ದೆ ಬಂದಿರಲಿಲ್ಲ.”

ಅಣ್ಣ ಜೇಬಿನ ಮೇಲೆ ಕೈಯಿಟ್ಟರು.

“ಹದಿನೆಂಟು ಹಳ್ಳಿ ಮುಳುಗಿಸದೆ ಬಿಡ್ತಾರಂತೆ. ಉಳಿದ ಹನ್ನೆರಡು ಏನಾಗಬೇಕು? ಒಂದು ಜೀವ ಹೋದ್ರೆ ಮೂವತ್ತೂ ಉಳಿಯುತ್ತೆ.”

“ನಮ್ಮೂರು ಆ ಹದಿನೆಂಟರಲ್ಲಿದೆಯಾ?”

“ಇದೆ.”

“ಹಂಗಾದ್ರೆ ಸಾಕು ಅಣ್ಣಾ. ಶರಬತ್ತು ಕೊಡಿ. ನನ್ನ ಕೈಲಾಗಲ್ಲ.”

ಅಣ್ಣ ಅವನ ಹೊದಿಕೆಯನ್ನು ಎದೆಯವರೆಗೆ ಎಳೆದು ಸರಿಮಾಡಿದರು. ಎದ್ದು ಹೊರಗೆ ಬಂದರು. ಹೆಂಡತಿ ಲೋಟವನ್ನು ಮುಂದೆ ಹಿಡಿದಳು.

“ಬೇಡ ಅಂದ ಕಣಮ್ಮ,” ಎಂದರು. “ಗಟ್ಟಿ ಮನುಷ್ಯ ನಿನ್ನ ಗಂಡ.”